ಊರಲ್ಲಿ ಬಾಲ್ಯವಿವಾಹದ ಸುದ್ದಿ ಸಿಕ್ಕರೆ ಏನು ಮಾಡಬೇಕು? ಮೊದಲ ಫೋನಿನಿಂದ ಹುಡುಗಿಗೆ ಹದಿನೆಂಟು ತುಂಬುವವರೆಗೆ

ಏಪ್ರಿಲ್ ತಿಂಗಳು. ಪರೀಕ್ಷೆ ಮುಗಿದು ಶಾಲೆಯಲ್ಲಿ ಫಲಿತಾಂಶದ ಕೆಲಸ ನಡೆದಿತ್ತು. ಬಿಸಿಯೂಟದ ಅಡುಗೆ ಮಾಡುವ ಅಕ್ಕ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು: "ಟೀಚರ್ರ, ಅಕ್ಕನ ಲಗ್ನದ ಹಂದರದಾಗ ತಂಗೀದೂ ಮುಗಿಸ್ತಾರಂತ್ರಿ." ತಂಗಿ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ. ಲಗ್ನಪತ್ರಿಕೆ ನನ್ನ ಮೇಜಿನ ಮೇಲೇ ಇತ್ತು. ಅದರಲ್ಲಿ ಅಕ್ಕನ ಹೆಸರು ಮಾತ್ರ ಇತ್ತು.

ನಾನು ಮೂರು ದಿನ ಯೋಚನೆ ಮಾಡಿದೆ. ಸುಳ್ಳಾಗಿದ್ದರೆ? ಊರವರು ಏನಂದಾರು? ಕೊನೆಗೆ ಮದುವೆಯ ಹಿಂದಿನ ಸಂಜೆ ಒಂದು ಕಚೇರಿಗೆ ಫೋನ್ ಮಾಡಿದೆ. "ಲಿಖಿತವಾಗಿ ಕೊಡಿ ಮೇಡಂ" ಅಂದರು. ಜೀಪು ಬಂದದ್ದು ಮರುದಿನ ಬೆಳಿಗ್ಗೆ ಹತ್ತಕ್ಕೆ. ಅಷ್ಟರಲ್ಲಿ ಬೆಳಗಿನ ಜಾವ ಹೊಲದ ಗುಡಿಯ ಮುಂದೆ ತಾಳಿ ಕಟ್ಟಿ ಆಗಿತ್ತು. ಹಂದರದಲ್ಲಿ ಅಕ್ಕನ ಮದುವೆ ಮಾತ್ರ ನಡೆಯುತ್ತಿತ್ತು. ಯಾರನ್ನು ಕೇಳಿದರೂ "ಅಂಥಾದ್ದೇನಿಲ್ರಿ" ಅನ್ನೋದೊಂದೇ ಉತ್ತರ.

ಆಮೇಲೆ ಇಂಥ ನಾಲ್ಕಾರು ಮದುವೆಗಳ ಬೆನ್ನು ಹತ್ತಿದ್ದೇನೆ. ಕೆಲವು ನಿಂತವು, ಕೆಲವು ನಿಲ್ಲಲಿಲ್ಲ. ಆ ತಿರುಗಾಟದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಶಿಕ್ಷಕರಿರಬಹುದು, ಆಶಾ ಕಾರ್ಯಕರ್ತೆ ಇರಬಹುದು, ಪಕ್ಕದ ಮನೆಯವರಿರಬಹುದು. ಹುಡುಗಿಯ ಗೆಳತಿಯೇ ಇದನ್ನು ಓದುತ್ತಿದ್ದರೆ ಇನ್ನೂ ಒಳ್ಳೇದು.

ಕಾನೂನು ಎಷ್ಟು ಗೊತ್ತಿದ್ದರೆ ಸಾಕು

ನಮ್ಮ ನಾಡಿಗೆ ಈ ಕಾನೂನು ಹೊಸದೇನಲ್ಲ. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ನಿಷೇಧಿಸಿತ್ತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವಂತಿಲ್ಲ ಅಂತಲೂ ಅದರಲ್ಲಿತ್ತು. 1929ರಲ್ಲಿ ದೇಶಕ್ಕೆಲ್ಲ ಶಾರದಾ ಕಾಯ್ದೆ ಬಂತು. ಹುಡುಗಿಗೆ 14, ಹುಡುಗನಿಗೆ 18. 1978ರಲ್ಲಿ ಅದು 18 ಮತ್ತು 21 ಆಯಿತು. ಈಗ ಇರುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ.

ಈ 2006ರ ಕಾಯ್ದೆಯಲ್ಲಿ ಒಂದು ವಿಚಿತ್ರ ಇತ್ತು. ಬಾಲ್ಯವಿವಾಹ ಮಾಡಿಸುವುದು ಅಪರಾಧ, ಆದರೆ ಆದ ಮದುವೆ ಮದುವೆಯೇ. ಬೇಡ ಅನ್ನಿಸಿದರೆ ಆ ಹುಡುಗಿಯೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಗಂಡನ ಮನೆಯಲ್ಲಿರುವ ಹದಿನಾರರ ಹುಡುಗಿ ವಕೀಲರನ್ನು ಹುಡುಕಿಕೊಂಡು ಹೋಗ್ತಾಳಾ, ಹೇಳಿ? ಹೈಕೋರ್ಟಿನ ಆದೇಶದ ನಂತರ ರಾಜ್ಯದಲ್ಲಿ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ ಆಗಿ, 2011ರಲ್ಲಿ ವರದಿ ಕೊಟ್ಟಿತು. 2017ರಲ್ಲಿ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂತು. ಅಂದಿನಿಂದ ಇಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅನೂರ್ಜಿತ. ಅಂದರೆ ಕಾನೂನಿನ ಕಣ್ಣಿಗೆ ಅಂಥ ಮದುವೆ ಆಗಿಯೇ ಇಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮೆಚ್ಚಿ, ಉಳಿದ ರಾಜ್ಯಗಳೂ ಇದೇ ದಾರಿ ಹಿಡಿದರೆ ಒಳ್ಳೇದು ಅಂದಿತು.

"ನಮ್ಮ ಧರ್ಮದಲ್ಲಿ ನಡೆಯುತ್ತೆ" ಅನ್ನುವ ಮಾತು ಬಂದರೆ, ಈ ಕಾಯ್ದೆ ಮುಸ್ಲಿಮರಿಗೂ ಅನ್ವಯಿಸುತ್ತದೆ ಅಂತ ಕರ್ನಾಟಕ ಹೈಕೋರ್ಟ್ 2013ರಲ್ಲೇ ಹೇಳಿದೆ.

ಶಿಕ್ಷೆಯ ಮಾತು ಚಿಕ್ಕದು. ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಯಾರಿಗೆ ಅನ್ನೋದೇ ಮುಖ್ಯ. ಹದಿನೆಂಟು ದಾಟಿದ ವರ, ತಂದೆತಾಯಿ, ಮಂತ್ರ ಹೇಳಿದವರು, ಮುಂದೆ ನಿಂತು ನಡೆಸಿದವರು. ಗೊತ್ತಿದ್ದೂ ಊಟಕ್ಕೆ ಹೋಗಿ ಪಾಲ್ಗೊಂಡವರನ್ನೂ ಕಾಯ್ದೆ ಬಿಟ್ಟಿಲ್ಲ. ಹಂದರ ಹಾಕುವವರು, ಅಡುಗೆಯವರು, ಫೋಟೋದವರು ಈ ಒಂದು ಸಾಲು ತಿಳಿದರೆ ಎಷ್ಟೋ ಸಲ ತಾವೇ ಹಿಂದೆ ಸರಿಯುತ್ತಾರೆ.

ಇಷ್ಟೆಲ್ಲ ಇದ್ದೂ ಏನಾಯಿತು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಹದಿನೆಂಟಕ್ಕೆ ಮೊದಲೇ ಮದುವೆಯಾದವರು 2015-16ರಲ್ಲಿ ಕರ್ನಾಟಕದಲ್ಲಿ ಶೇ 21.4. 2019-21ರಲ್ಲಿ ಶೇ 21.3. ಅದೇ ಅವಧಿಯಲ್ಲಿ ದೇಶದ ಲೆಕ್ಕ 26.8ರಿಂದ 23.3ಕ್ಕೆ ಇಳಿದಿತ್ತು. ಎರಡನೇ ಸಮೀಕ್ಷೆಯಲ್ಲಿ ಸಿಕ್ಕ ಬಹಳಷ್ಟು ಮದುವೆಗಳು ತಿದ್ದುಪಡಿಗೆ ಮೊದಲೇ ಆಗಿದ್ದವು, ಹಾಗಾಗಿ ದೂರನ್ನೆಲ್ಲ ತಿದ್ದುಪಡಿಯ ಮೇಲೆ ಹೊರಿಸುವುದು ಸರಿಯಲ್ಲ. ಆದರೂ ಕಾಯ್ದೆ ತಾನಾಗಿ ಹಂದರಕ್ಕೆ ಬರುವುದಿಲ್ಲ. ಯಾರಾದರೂ ಅದನ್ನು ಕೈಹಿಡಿದು ಕರೆದುಕೊಂಡು ಹೋಗಬೇಕು.

ಮೊದಲ ಕೆಲಸ: ಸುದ್ದಿ ಕೇಳಿದ ದಿನವೇ ಬರೆದಿಡಿ

ಖಾತ್ರಿ ಮಾಡಿಕೊಂಡು ಆಮೇಲೆ ಹೇಳೋಣ ಅಂತ ಕೂರಬೇಡಿ. ಖಾತ್ರಿ ಮಾಡುವುದು ಅಧಿಕಾರಿಗಳ ಕೆಲಸ. ನಿಮಗೆ ಬೇಕಾದದ್ದು ಇಷ್ಟೇ: ಹುಡುಗಿಯ ಹೆಸರು, ತಂದೆಯ ಹೆಸರು, ಊರು, ಯಾವ ಶಾಲೆ, ಎಷ್ಟನೇ ಕ್ಲಾಸು, ಮುಹೂರ್ತ ಯಾವಾಗ, ಎಲ್ಲಿ, ವರನ ಊರು ಯಾವುದು. ಮನೆಗೆ ದಾರಿ ಹೇಗೆ ಅನ್ನೋದೂ ಬೇಕು. "ಮಾರೆಮ್ಮನ ಗುಡಿ ಹಿಂದಿನ ಓಣಿ, ನೀರಿನ ಟ್ಯಾಂಕ್ ಪಕ್ಕ" ಅಂತ ಬರೆದುಕೊಂಡರೆ ಸಾಕು. ಒಂದೇ ಹೆಸರಿನ ನಾಲ್ಕು ಮನೆ ಇರುವ ಊರಲ್ಲಿ ಜೀಪು ತಪ್ಪು ಮನೆ ಮುಂದೆ ನಿಂತರೆ ಐದು ನಿಮಿಷದಲ್ಲಿ ಸರಿಯಾದ ಮನೆಗೆ ಸುದ್ದಿ ಮುಟ್ಟಿರುತ್ತದೆ.

ಕೆಲವು ಸೂಚನೆಗಳನ್ನು ಗಮನಿಸುತ್ತಿರಿ. ಅಕ್ಕನ ಮದುವೆಗೆ ತಂಗಿಗೂ ಅದೇ ಬೆಲೆಯ ಸೀರೆ ಬಂದಿದೆಯಾ? ಹುಡುಗಿ ಸುಮ್ನೆ ಶಾಲೆ ಬಿಟ್ಟಳಾ? "ಅಜ್ಜಿಗೆ ಹುಷಾರಿಲ್ಲ, ಸಾಯೋದ್ರೊಳಗೆ ಮೊಮ್ಮಗಳ ಲಗ್ನ ನೋಡಬೇಕಂತೆ" ಅನ್ನುವ ಮಾತು ಓಣಿಯಲ್ಲಿ ಓಡಾಡುತ್ತಿದೆಯಾ? ಏಪ್ರಿಲ್, ಮೇ ತಿಂಗಳಲ್ಲಿ ಜಾಸ್ತಿ ಎಚ್ಚರ ಬೇಕು. ಬಸವ ಜಯಂತಿಯ ದಿನವೇ ಬರುವ ಅಕ್ಷಯ ತೃತೀಯಕ್ಕಂತೂ ಕಾಯ್ದೆಯಲ್ಲೇ ಪ್ರತ್ಯೇಕ ಏರ್ಪಾಡಿದೆ. ಅಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯುವ ಪೂರ್ತಿ ಅಧಿಕಾರ ಜಿಲ್ಲಾಧಿಕಾರಿಗೇ ಇರುತ್ತದೆ.

ಎರಡನೆಯದು: ವಯಸ್ಸಿನ ದಾಖಲೆ

ಇಡೀ ಕೆಲಸ ನಿಲ್ಲುವುದೂ ಇದರ ಮೇಲೆ, ಬೀಳುವುದೂ ಇದರ ಮೇಲೆ. ಅಧಿಕಾರಿಗಳು ಹಂದರಕ್ಕೆ ಹೋದ ತಕ್ಷಣ ತಂದೆ ಒಳಗೆ ಹೋಗಿ ಆಧಾರ್ ಕಾರ್ಡ್ ತರುತ್ತಾರೆ. ಒಂದು ಸಲ ನಾನು ನೋಡಿದ ಕಾರ್ಡಿನಲ್ಲಿ 2004 ಅಂತ ಇತ್ತು, ಲ್ಯಾಮಿನೇಷನ್ ಇನ್ನೂ ಹೊಸದಾಗಿ ಮಿನುಗುತ್ತಿತ್ತು. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ, ಒಂದನೇ ಕ್ಲಾಸಿಗೆ ಸೇರಿಸುವಾಗ ಅದೇ ತಂದೆ ಹೆಬ್ಬೆಟ್ಟು ಒತ್ತಿದ ಸಾಲಿನಲ್ಲಿ, 2007 ಇತ್ತು. ನೀಲಿ ಶಾಯಿ ಮಾಸಿತ್ತು, ಹೆಬ್ಬೆಟ್ಟು ಮಾಸಿರಲಿಲ್ಲ. ರಿಜಿಸ್ಟರು ತೋರಿಸಿದ ಮೇಲೆ ಆ ಮನುಷ್ಯ ಕಾರ್ಡನ್ನು ಮಡಚಲು ನೋಡಿದರು, ಅದು ಮಡಚಲಿಲ್ಲ, ಅಂಗಿ ಜೇಬಿಗೆ ಹಾಕಿಕೊಂಡರು.

ಮಕ್ಕಳ ಪಾಲನೆ ರಕ್ಷಣೆಗಿರುವ ಬಾಲನ್ಯಾಯ ಕಾಯ್ದೆಯ 94ನೇ ಕಲಂ ವಯಸ್ಸನ್ನು ಹೇಗೆ ತೀರ್ಮಾನಿಸಬೇಕು ಅಂತ ಹೇಳುತ್ತದೆ. ಮೊದಲು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಆಧಾರ್ ಈ ಸಾಲಿನಲ್ಲೇ ಇಲ್ಲ. ಆಧಾರ್ ಗುರುತಿಗೆ ಸರಿ, ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲ ಅಂತ ಸುಪ್ರೀಂ ಕೋರ್ಟ್ ಕೂಡ 2024ರ ಅಕ್ಟೋಬರಿನಲ್ಲಿ ಹೇಳಿದೆ.

ನೀವು ಶಾಲೆಯವರಾದರೆ ರಿಜಿಸ್ಟರಿನ ಆ ಪುಟದ ನಕಲು ತೆಗೆದು, ಮುಖ್ಯೋಪಾಧ್ಯಾಯರ ಸಹಿ ಮೊಹರು ಹಾಕಿಸಿ ಇಟ್ಟುಕೊಳ್ಳಿ. ಹೊರಗಿನವರಾದರೆ ಯಾವ ಶಾಲೆ ಅಂತ ಹೇಳಿದರೆ ಸಾಕು. ದಾಖಲೆ ನೀವೇ ತೆಗೆಯಲು ಹೋಗಿ ಸುದ್ದಿ ಹೊರಗೆ ಬಿಡಬೇಡಿ.

ಮೂರನೆಯದು: ಯಾರಿಗೆ ಫೋನ್ ಮಾಡಬೇಕು

1098. ಮಕ್ಕಳ ಸಹಾಯವಾಣಿ, ದುಡ್ಡು ಬೀಳಲ್ಲ, ಹಗಲು ರಾತ್ರಿ ಇರುತ್ತದೆ. ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ಮುಹೂರ್ತಕ್ಕೆ ಕೆಲವೇ ಗಂಟೆ ಉಳಿದಿದ್ದರೆ ನೇರ ಪೊಲೀಸರ ತುರ್ತು ನಂಬರ್ 112.

ನನ್ನ ಮೊದಲ ತಪ್ಪು ಒಂದೇ ಕಡೆ ಫೋನ್ ಮಾಡಿ ಸುಮ್ಮನಾದದ್ದು. ಕರ್ನಾಟಕದಲ್ಲಿ ಬಾಲ್ಯವಿವಾಹ ನಿಷೇಧಾಧಿಕಾರಿ ಅಂದರೆ ಯಾರೋ ಒಬ್ಬರಲ್ಲ. ತಹಶೀಲ್ದಾರ್, ಸಿಡಿಪಿಒ (ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಅಧಿಕಾರಿ), ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಪೊಲೀಸ್ ಸಬ್ ಇನ್ಸ್‌ಪೆಕ್ಟರ್, ಪಂಚಾಯಿತಿಯ ಪಿಡಿಒ, ಶಾಲೆಯ ಮುಖ್ಯೋಪಾಧ್ಯಾಯರು, ಹೀಗೆ ಹಲವು ಇಲಾಖೆಯವರಿಗೆ ಈ ಅಧಿಕಾರ ಕೊಟ್ಟಿದ್ದಾರೆ. ಒಳ್ಳೇದೇ. ಆದರೆ ಎಲ್ಲರ ಕೆಲಸ ಅಂದಮೇಲೆ ಯಾರ ಕೆಲಸವೂ ಅಲ್ಲ ಅನ್ನುವಂತಾಗುವುದೂ ಇದೆ. ಒಬ್ಬರು ಇನ್ನೊಬ್ಬರ ನಂಬರ್ ಕೊಡುತ್ತಾರೆ, ಅವರು ಮತ್ತೊಬ್ಬರದು. ಹಾಗಾಗಿ 1098ಕ್ಕೆ ಹೇಳಿದ ಮೇಲೆ ಸಿಡಿಪಿಒ ಕಚೇರಿಗೂ ಠಾಣೆಗೂ ಬೇರೆ ಬೇರೆಯಾಗಿ ತಿಳಿಸಿ. ತಿಳಿಸುವಾಗ "ಇವರಿಗೂ ಹೇಳಿದ್ದೇನೆ, ಇಷ್ಟು ಗಂಟೆಗೆ ಹೇಳಿದ್ದೇನೆ" ಅನ್ನಿ. ಇಬ್ಬರಿಗೆ ಗೊತ್ತಿದೆ ಅಂತ ಮೂರನೆಯವರಿಗೆ ಗೊತ್ತಾದರೆ ಕೆಲಸ ಬೇಗ ನಡೆಯುತ್ತದೆ. ವಾಟ್ಸಾಪ್ ಸಂದೇಶವನ್ನೂ ಕಳಿಸಿ, ಸಮಯ ಅದರಲ್ಲೇ ದಾಖಲಾಗುತ್ತದೆ.

"ಲಿಖಿತವಾಗಿ ಕೊಡಿ" ಅಂದರೆ ಜಗಳ ಬೇಡ. ನಾಲ್ಕು ಸಾಲು ಬರೆದು ಫೋಟೋ ತೆಗೆದು ಕಳಿಸಿ. ಅಪರಾಧ ಗಂಭೀರವಾದದ್ದು, ಜಾಮೀನು ತಾನಾಗಿ ಸಿಗದಂಥದ್ದು. ಪೊಲೀಸರು ಕೋರ್ಟಿನ ಅಪ್ಪಣೆಗೆ ಕಾಯಬೇಕಿಲ್ಲ ಅನ್ನೋದು ನಿಮಗೆ ಗೊತ್ತಿರಲಿ.

ನಾಲ್ಕನೆಯದು: ಮನೆಗೆ ಹೋಗುವುದು, ಮಾತಾಡುವುದು

ಮದುವೆಗೆ ಇನ್ನೂ ವಾರವೋ ಹದಿನೈದು ದಿನವೋ ಇದ್ದರೆ ಮೊದಲು ಮಾತೇ ಆಗಬೇಕು. ಅಂಗನವಾಡಿ ಕಾರ್ಯಕರ್ತೆ, ಶಿಕ್ಷಕಿ, ಮನೆಯವರು ಗೌರವ ಕೊಡುವ ಊರಿನ ಹಿರಿಯರೊಬ್ಬರು, ಇಷ್ಟು ಜನ ಸಾಕು. ದಂಡು ಕಟ್ಟಿಕೊಂಡು ಹೋದರೆ ಅವಮಾನ ಅನ್ನಿಸಿ ಹಟಕ್ಕೆ ಬೀಳುತ್ತಾರೆ.

"ಜೈಲಿಗೆ ಹೋಗ್ತೀರಿ" ಅಂತ ಬಾಗಿಲಲ್ಲೇ ಶುರು ಮಾಡಬೇಡಿ. ಯಾಕೆ ಮಾಡುತ್ತಿದ್ದೀರಿ ಅಂತ ಕೇಳಿ, ಪೂರ್ತಿ ಕೇಳಿ. ನಾನು ಕೇಳಿದ ಕಾರಣಗಳು ಬಡತನ ಅನ್ನುವ ಒಂದೇ ಪದದಲ್ಲಿ ಹಿಡಿಯುವಂಥವಲ್ಲ. ಒಂದು ಮನೆಯಲ್ಲಿ ಎರಡು ಹಂದರದ ಖರ್ಚು ತಪ್ಪಲಿ ಅಂತ. ಇನ್ನೊಂದು ಮನೆಯವರು ಕಬ್ಬು ಕಡಿಯಲು ಆರು ತಿಂಗಳು ಗುಳೆ ಹೋಗುತ್ತಾರೆ. "ಬೆಳೆದ ಹುಡುಗೀನ ಯಾರ ಹತ್ರ ಬಿಟ್ಟು ಹೋಗೂದ್ರಿ?" ಅಂತ ತಾಯಿ ಕೇಳಿದಾಗ ನನ್ನ ಹತ್ತಿರ ತಕ್ಷಣಕ್ಕೆ ಉತ್ತರ ಇರಲಿಲ್ಲ. ಕೆಲವರಿಗೆ ಹುಡುಗಿ ಯಾರನ್ನೋ ಪ್ರೀತಿಸಿ ಓಡಿಹೋದಾಳೆಂಬ ಭಯ. ಸೋದರಮಾವನಿಗೆ ತೊಟ್ಟಿಲಲ್ಲೇ ಮಾತು ಕೊಟ್ಟಿರುವ ಮನೆಗಳೂ ಇವೆ. ಅಲ್ಲಿ ನೀವು ಮಾತಾಡಬೇಕಾದ್ದು ತಂದೆಯ ಹತ್ತಿರ ಅಲ್ಲ, ಅಜ್ಜಿಯ ಹತ್ತಿರ.

ಗುಳೆ ಹೋಗುವ ಮನೆಗೆ ಕಾಯ್ದೆಯ ಪುಸ್ತಕ ಬೇಡ, ಹಾಸ್ಟೆಲ್ ಸೀಟು ಬೇಕು. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆ) ಅಥವಾ ಸಮಾಜ ಕಲ್ಯಾಣದ ಹಾಸ್ಟೆಲ್, ಎಲ್ಲಿ ಸೀಟಿದೆ ಅಂತ ಹೋಗುವ ಮೊದಲೇ ವಿಚಾರಿಸಿಕೊಂಡು ಹೋಗಿ. ಪರೀಕ್ಷೆಯಲ್ಲಿ ಫೇಲಾದಳು ಅಂತ ಮದುವೆ ಮಾಡುತ್ತಿದ್ದರೆ ಮರುಪರೀಕ್ಷೆಯ ಅರ್ಜಿ ಕೈಯಲ್ಲಿ ಹಿಡಿದು ಹೋಗಿ. ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರ ಕೊಟ್ಟ ಭಾಗ್ಯಲಕ್ಷ್ಮಿ ಬಾಂಡ್ ಇರುವ ಮನೆಯಾದರೆ ಅದನ್ನು ಪೆಟ್ಟಿಗೆಯಿಂದ ತೆಗೆಸಿ ಓದಿ ಹೇಳಿ. ಹದಿನೆಂಟಕ್ಕೆ ಮೊದಲು ಮದುವೆಯಾದರೆ ದುಡ್ಡಿಲ್ಲ ಅಂತ ಷರತ್ತು ಅದರಲ್ಲೇ ಇದೆ. ಕಾಯ್ದೆಗೆ ಬಗ್ಗದವರು ಈ ಷರತ್ತಿಗೆ ಯೋಚನೆಗೆ ಬಿದ್ದದ್ದನ್ನು ನೋಡಿದ್ದೇನೆ.

ಹುಡುಗಿಯನ್ನು ಒಬ್ಬಳನ್ನೇ ಐದು ನಿಮಿಷ ಮಾತಾಡಿಸಿ. ಎಲ್ಲರೆದುರು "ನಿನಗೆ ಒಪ್ಪಿಗೆನಾ?" ಅಂತ ಕೇಳಿದರೆ ಅವಳು ನೆಲ ನೋಡುತ್ತಾಳೆ, ಅಷ್ಟೇ. ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಹೋದಾಗ ಒಬ್ಬಳು ನನ್ನ ಕೈ ಹಿಡಿದು, "ಟೀಚರ್, ನಾ ಹೇಳೀನಿ ಅಂತ ಹೇಳಬ್ಯಾಡ್ರಿ" ಅಂದಳು. ಕೈಗೆ ಅರಿಶಿನ ಹತ್ತಿತ್ತು. ಅವಳು ಹೇಳಿದಳೆಂದು ನಾನು ಈವರೆಗೆ ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿ.

ಐದನೆಯದು: ಮುಚ್ಚಳಿಕೆ ಸಾಲದು, ತಡೆಯಾಜ್ಞೆ ತನ್ನಿ

ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಅಧಿಕಾರಿಗಳು ಬರುತ್ತಾರೆ, ತಂದೆತಾಯಿಯಿಂದ "ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ" ಅಂತ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ಮರುದಿನ ಪತ್ರಿಕೆಯಲ್ಲಿ ಸುದ್ದಿ. ನಾನೂ ಒಂದು ಸಲ ಹೀಗೆ ಗೆದ್ದೆ ಅಂದುಕೊಂಡೆ. ಒಂದೂವರೆ ತಿಂಗಳ ನಂತರ ಆ ಹುಡುಗಿಯನ್ನು ಹಬ್ಬಕ್ಕೆ ಅಂತ ಮಹಾರಾಷ್ಟ್ರದ ನೆಂಟರೂರಿಗೆ ಕರೆದುಕೊಂಡು ಹೋದರು. ಅಲ್ಲೇ ಮದುವೆ ಮುಗಿಸಿದರು.

ಕಾಯ್ದೆಯ 13ನೇ ಕಲಂ ಇರುವುದು ಇಂಥದ್ದಕ್ಕೇ. ನಿಷೇಧಾಧಿಕಾರಿಯೇ ಆಗಲಿ, ಮದುವೆ ನಡೆಯಲಿದೆ ಅಂತ ಗೊತ್ತಿರುವ ಯಾರೇ ಆಗಲಿ, ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ ತಡೆಯಾಜ್ಞೆ ಕೇಳಬಹುದು. ತುರ್ತು ಇದ್ದರೆ ಎದುರಿನವರಿಗೆ ನೋಟಿಸ್ ಕೊಡದೆಯೇ ಮಧ್ಯಂತರ ಆದೇಶ ಸಿಗುತ್ತದೆ. ಪತ್ರಿಕೆಯ ವರದಿ ನೋಡಿ ನ್ಯಾಯಾಧೀಶರು ತಾವಾಗಿಯೂ ಆದೇಶ ಮಾಡಬಹುದು. ತಡೆಯಾಜ್ಞೆ ಮೀರಿದರೆ ಅದೇ ಒಂದು ಬೇರೆ ಅಪರಾಧ, ಎರಡು ವರ್ಷದವರೆಗೆ ಸಜೆ. ಆ ಮದುವೆ ಬೇರೆ ರಾಜ್ಯದಲ್ಲಿ ಆದರೂ ಅನೂರ್ಜಿತವೇ. ಗಡಿ ತಾಲ್ಲೂಕಿನವರಿಗೆ ಇದು ಬಹಳ ಮುಖ್ಯ, ಯಾಕಂದರೆ ಕರ್ನಾಟಕದ 2017ರ ತಿದ್ದುಪಡಿ ಪಕ್ಕದ ರಾಜ್ಯದಲ್ಲಿ ನಡೆಯುವ ಮದುವೆಗೆ ಅಷ್ಟು ಸುಲಭವಾಗಿ ಕೈಗೆ ಬರುವುದಿಲ್ಲ.

ಹಾಗಾಗಿ ಮುಚ್ಚಳಿಕೆ ಬರೆಸುವಾಗಲೇ ಸಿಡಿಪಿಒ ಅವರನ್ನು ಕೇಳಿ: "ತಡೆಯಾಜ್ಞೆಗೆ ಅರ್ಜಿ ಯಾವಾಗ ಹಾಕ್ತೀರಿ ಮೇಡಂ?" ವರನ ಕಡೆಯವರಿಂದಲೂ ಮುಚ್ಚಳಿಕೆ ಬರೆಸಬೇಕು, ಇದನ್ನು ಬಹಳ ಸಲ ಮರೆಯುತ್ತಾರೆ.

ಮನೆಯಲ್ಲಿ ಉಳಿದರೆ ಹುಡುಗಿಗೆ ಹೊಡೆತ ಬೀಳಬಹುದು, ಕದ್ದು ಮದುವೆ ಮಾಡಬಹುದು ಅನ್ನಿಸಿದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮದುವೆಯ ಅಪಾಯದಲ್ಲಿರುವ ಮಗು ಬಾಲನ್ಯಾಯ ಕಾಯ್ದೆಯ ಪ್ರಕಾರ ಪಾಲನೆ ರಕ್ಷಣೆ ಬೇಕಾದ ಮಗುವೇ. ಇಪ್ಪತ್ನಾಲ್ಕು ಗಂಟೆಯೊಳಗೆ ಸಮಿತಿಯ ಮುಂದೆ ಕರೆದೊಯ್ಯಬೇಕು. ಬಾಲಮಂದಿರಕ್ಕೆ ಕಳಿಸುವುದು ಕೊನೆಯ ದಾರಿಯಾಗಿರಲಿ. ಮದುವೆ ಬೇಡ ಅಂದದ್ದಕ್ಕೆ ಹುಡುಗಿಯೇ ಮನೆ ಬಿಡಬೇಕಾದರೆ ಅವಳಿಗೆ ಅದು ಶಿಕ್ಷೆಯಂತೆಯೇ ಕಾಣುತ್ತದೆ, ಅಲ್ವಾ? ಅಜ್ಜಿ, ಚಿಕ್ಕಮ್ಮ, ನಂಬುವ ನೆಂಟರು ಇದ್ದರೆ ಸಮಿತಿಗೆ ಹೇಳಿ.

ಫೋಟೋದ ವಿಷಯ. ಹುಡುಗಿಯ ಹೆಸರು, ಮುಖ, ಶಾಲೆ ಹೊರಗೆ ಬರುವಂತಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅದು ಅಪರಾಧ. ಸ್ಟೇಟಸ್‌ಗೆ ಹಾಕುವ ಆಸೆ ಅಧಿಕಾರಿಗಳಿಗೂ ಇರುತ್ತದೆ, ನಮಗೂ ಇರುತ್ತದೆ. ಬೇಡ.

ಮದುವೆ ಆಗಿಹೋಗಿದ್ದರೆ

ತಡವಾಯಿತು ಅಂತ ಬಿಡಬೇಡಿ. 2017ರ ನಂತರ ಕರ್ನಾಟಕದಲ್ಲಿ ಆದ ಬಾಲ್ಯವಿವಾಹ ಅನೂರ್ಜಿತ ಅಂದೆನಲ್ಲ, ಆದರೆ ನಾಳೆ ಕಾಗದಪತ್ರಕ್ಕೆ, ಮರುಮದುವೆಗೆ ತೊಂದರೆ ಆಗದಿರಲು ಕೋರ್ಟಿನಿಂದ ಹಾಗಂತ ಘೋಷಣೆ ಪಡೆಯುವುದು ಒಳ್ಳೇದು. ಬೇರೆ ರಾಜ್ಯದಲ್ಲಿ ಆಗಿದ್ದರೆ ರದ್ದತಿಗೆ ಅರ್ಜಿ ಹಾಕಬೇಕಾಗಬಹುದು. ಅದಕ್ಕೆ ಹುಡುಗಿಗೆ ಇಪ್ಪತ್ತು ತುಂಬುವವರೆಗೆ ಕಾಲಾವಕಾಶ. ಎರಡೂ ಕಡೆಯವರು ಕೊಟ್ಟು ತೆಗೆದುಕೊಂಡ ದುಡ್ಡು, ಒಡವೆ ವಾಪಸ್ ಕೊಡಿಸಲು, ಜೀವನಾಂಶಕ್ಕೆ ಕಾಯ್ದೆಯಲ್ಲಿ ಜಾಗವಿದೆ. ಮಗು ಹುಟ್ಟಿದ್ದರೆ ಆ ಮಗುವಿನ ಹಕ್ಕಿಗೆ ಯಾವ ಧಕ್ಕೆಯೂ ಇಲ್ಲ. ವಕೀಲರ ಖರ್ಚಿನ ಚಿಂತೆ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ. ಸಹಾಯವಾಣಿ 15100.

ಹುಡುಗಿ ಗರ್ಭಿಣಿಯಾಗಿದ್ದರೆ ವಿಷಯ ಸೂಕ್ಷ್ಮ. ಹದಿನೆಂಟರೊಳಗಿನವಳು ಅಂತ ಗೊತ್ತಾದರೆ ಆಸ್ಪತ್ರೆಯವರು ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ) ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಆ ಭಯಕ್ಕೆ ಮನೆಯವರು ತಾಯಿ ಕಾರ್ಡಿನಲ್ಲಿ ವಯಸ್ಸು ಹತ್ತೊಂಬತ್ತು ಅಂತ ಬರೆಸುತ್ತಾರೆ, ಇಲ್ಲವೇ ಆಸ್ಪತ್ರೆಗೇ ಕರೆದೊಯ್ಯುವುದಿಲ್ಲ. ಹುಡುಗಿಯ ರಕ್ಷಣೆಗೆ ಬಂದ ಕಾಯ್ದೆ ಅವಳನ್ನು ಆಸ್ಪತ್ರೆಯಿಂದಲೇ ದೂರ ಮಾಡುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ನೀವು ಮಾಡಬಹುದಾದ್ದು ಇಷ್ಟೇ: ಆಶಾ ಕಾರ್ಯಕರ್ತೆಯ ಜೊತೆ ನಿಂತು ಮೊದಲು ಚಿಕಿತ್ಸೆ ಕೊಡಿಸಿ. ಕೇಸಿನ ಮಾತು ಏನೇ ಇದ್ದರೂ ಚಿಕಿತ್ಸೆ ಇಲ್ಲ ಅನ್ನಲು ಯಾವ ಆಸ್ಪತ್ರೆಗೂ ಬರುವುದಿಲ್ಲ.

ಆಮೇಲಿನ ತಿಂಗಳುಗಳು

ನಿಂತ ಮದುವೆಯ ಮನೆಯಲ್ಲಿ ಮರುದಿನ ಏನಿರುತ್ತದೆ ಗೊತ್ತಾ? ಅಡುಗೆಗೆ ತಂದ ಅಕ್ಕಿ ಮೂಟೆ, ಹಂದರದವನ ಬಾಕಿ, ಬೀಗರ ಸಿಟ್ಟು. ಇದೆಲ್ಲದರ ನಡುವೆ ಹುಡುಗಿ. "ನಿನ್ನಿಂದ ಮರ್ಯಾದೆ ಹೋಯ್ತು" ಅನ್ನುವ ಮಾತನ್ನು ಅವಳು ದಿನಾ ಕೇಳುತ್ತಿರುತ್ತಾಳೆ. ಮೊದಲ ವಾರ ದಿನಕ್ಕೊಮ್ಮೆ ಯಾರಾದರೂ ಆ ಮನೆ ಕಡೆ ಹೋಗಿ ಬರಲಿ, ಅಂಗನವಾಡಿ ಕಾರ್ಯಕರ್ತೆಯಾದರೆ ಅನುಮಾನ ಬರುವುದಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದಾಗ ಅವಳು ಬಂದಳಾ ನೋಡಿ. ಮೂರು ದಿನ ಬರದಿದ್ದರೆ ಮನೆಗೆ ಹೋಗಿ. "ನೆಂಟರೂರಿಗೆ ಹೋಗ್ಯಾಳ" ಅಂದರೆ ಯಾವ ಊರು, ಯಾರ ಮನೆ ಅಂತ ಕೇಳಿ, ಅವತ್ತೇ 1098ಕ್ಕೆ ಹೇಳಿ. ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಬಸ್ಸಿಲ್ಲ, ಶೌಚಾಲಯವಿಲ್ಲ ಅನ್ನುವ ಮಾತುಗಳನ್ನು ಮಕ್ಕಳಿಂದಲೇ ಹೇಳಿಸಿ. ಸಂಜೆ ಐದಕ್ಕೆ ಒಂದು ಬಸ್ ಬಿಟ್ಟಿದ್ದಕ್ಕೆ ಪಿಯುಸಿಗೆ ಸೇರಿದ ಹುಡುಗಿಯರು ನಮ್ಮೂರಲ್ಲಿದ್ದಾರೆ.

ನನ್ನ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಕೆಲವು ದಿನಾಂಕ ಬರೆದಿಟ್ಟಿದ್ದೇನೆ. ಹೆಸರಿಲ್ಲ, ದಿನಾಂಕ ಮಾತ್ರ. ಮದುವೆ ನಿಂತ ಒಬ್ಬೊಬ್ಬ ಹುಡುಗಿಗೂ ಹದಿನೆಂಟು ತುಂಬುವ ದಿನ ಅದು. ಪ್ರತಿ ತಿಂಗಳ ಮೊದಲನೇ ತಾರೀಖು ಆ ಪುಟ ತೆರೆದು ಒಂದೊಂದು ಮನೆಗೆ ಫೋನ್ ಮಾಡುತ್ತೇನೆ. ಇನ್ನೂ ಎರಡು ಉಳಿದಿವೆ.